ಮೀನಿನ ಡಬ್ಬಿ

ಸಿಕಂದರಾಬಾದಿನಲ್ಲಿ ತಿಂಗಳಿಗೊಂದು ಭಾನುವಾರ ನಾವು ಐದಾರು ಮಂದಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಎಲ್ಲರೂ ಅರವತ್ತು ದಾಟಿದವರು, ಮೇಜಿನ ಮೇಲೆ ಪುಟ್ಟ ರೈಲು ಓಡಿಸುವವರು. ಹೊರಗಿನವರಿಗೆ ಇದು ಮಕ್ಕಳಾಟ. ನಮ್ಮಲ್ಲಿ ಮಾತು ಬಿಡುವಷ್ಟು ಜಗಳವಾಗುವುದು ಮಾತ್ರ ಒಂದೇ ವಿಷಯಕ್ಕೆ: ಲೋಕದಲ್ಲಿ ಎಲ್ಲಿಯೂ ಇಲ್ಲದ ವ್ಯಾಗನ್ನನ್ನು ಗೂಡ್ಸ್ ಗಾಡಿಗೆ ಜೋಡಿಸಬಹುದೇ, ಕೂಡದೇ?

ಕಳೆದ ಸಲ ಗೆಳೆಯರೊಬ್ಬರು ಅಮೆರಿಕದಲ್ಲಿರುವ ಮಗನಿಂದ ತರಿಸಿಕೊಂಡ ವ್ಯಾಗನ್ನೊಂದನ್ನು ಮೇಜಿನ ಮೇಲಿಟ್ಟರು. ಲಯನೆಲ್ ಕಂಪನಿ 1959ರಲ್ಲಿ ಹೊರತಂದ ಅಕ್ವೇರಿಯಂ ವ್ಯಾಗನ್ ಅದು. ಒಳಗೆ ದೀಪ ಹೊತ್ತುತ್ತದೆ. ಮೀನುಗಳ ಚಿತ್ರವಿರುವ ಫಿಲ್ಮಿನ ಪಟ್ಟಿ ಕಿಟಕಿಯ ಹಿಂದೆ ಸುತ್ತುತ್ತದೆ. ಹನಿ ನೀರಿಲ್ಲದೆ ಮೀನುಗಳು ಈಜುತ್ತವೆ. ಅದೇ ಕಂಪನಿಯ ಇನ್ನೊಂದು ವ್ಯಾಗನ್ನಿನ ಚಾವಣಿಯಿಂದ ಜಿರಾಫೆಯೊಂದು ಕತ್ತು ಹೊರಚಾಚಿ, ಹಳಿಯ ಪಕ್ಕದ ಕಂಬ ಬಂದೊಡನೆ ತಲೆ ತಗ್ಗಿಸುತ್ತದೆಯಂತೆ. ಅಳತೆ ಬೇರೆಯಾದ್ದರಿಂದ ಆ ಅಕ್ವೇರಿಯಂ ನಮ್ಮ ಹಳಿಯ ಮೇಲೆ ನಿಲ್ಲುವಂತಿರಲಿಲ್ಲ. ಜಗಳಕ್ಕೆ ಅದು ಅಡ್ಡಿಯಾಗಲಿಲ್ಲ.

ರೈಲ್ವೆಯಿಂದ ನಿವೃತ್ತರಾದವರೊಬ್ಬರು, "ಇದು ಜಾತ್ರೆಯ ಸಾಮಾನು" ಎಂದು ಮುಖ ತಿರುಗಿಸಿದರು. ತಂದವರು ಬಿಡಲಿಲ್ಲ. ಬಹಾದೂರ್‌ಪುರದ ಸುಧಾ ಕಾರ್ಸ್ ಮ್ಯೂಸಿಯಮ್ಮಿನಲ್ಲಿ ಬೂಟಿನ, ಕ್ಯಾಮೆರಾದ ಆಕಾರದ ಕಾರುಗಳಿಲ್ಲವೇ, ಅವುಗಳನ್ನು ನೋಡಲು ಊರೇ ಹೋಗುವುದಿಲ್ಲವೇ ಎಂದರು. "ಅವು ಓಡುತ್ತವೆ ಸ್ವಾಮಿ. ಮೇಲೆ ಬೂಟಿದ್ದರೂ ಒಳಗೆ ಎಂಜಿನ್ ಇದೆ" ಎಂಬ ಉತ್ತರ ಬಂತು. ಮೂರನೆಯವರು ಕ್ಯಾಲಿಫೋರ್ನಿಯಾದ ಜಾನ್ ಅಲೆನ್‌ರನ್ನು ನೆನಪಿಸಿದರು. ತುಕ್ಕು, ಧೂಳು, ಸವೆದ ಹಲಗೆಗಳನ್ನೆಲ್ಲ ಅಷ್ಟು ನಿಜವಾಗಿ ತೋರಿಸಿದ ಆ ಗುರುವಿನ ಮಾದರಿ ರೈಲಿನಲ್ಲಿ ವ್ಯಾಗನ್ನುಗಳನ್ನು ತಳ್ಳಲು 13ನೆಯ ನಂಬರಿನ 'ಎಮ್ಮಾ' ಇದ್ದಳು. ಎಮ್ಮಾ ಎಂದರೆ ಸ್ಟೆಗೊಸಾರಸ್, ಡೈನೊಸಾರ್!

ಕೊನೆಗೆ ಒಬ್ಬರು ಕಾಗದ ತೆಗೆದು ಲೆಕ್ಕ ಬರೆದರು. ನಮ್ಮ ಬ್ರಾಡ್ ಗೇಜ್ ಹಳಿಯ ಅಗಲ 1676 ಮಿಲಿಮೀಟರು. ನಾವು ಕಟ್ಟುವುದು 87ರಲ್ಲಿ ಒಂದು ಪಾಲಿನ ಅಳತೆಗೆ. ಹಾಗಾದರೆ ಹಳಿ 19 ಮಿಲಿಮೀಟರಿಗಿಂತ ಚೂರು ಹೆಚ್ಚಿರಬೇಕು. ಪೇಟೆಯಲ್ಲಿ ಸಿಗುವ ಹಳಿ ಹೊರದೇಶದ ರೈಲಿಗೆಂದು ಮಾಡಿದ 16.5 ಮಿಲಿಮೀಟರಿನದು. "ರಿವೆಟ್ ಎಣಿಸುವ ನಿಮ್ಮ ಭಾರತೀಯ ರೈಲು ಹೆಚ್ಚುಕಡಿಮೆ ಮೂರು ಮಿಲಿಮೀಟರು ಸುಳ್ಳಿನ ಮೇಲೆ ಓಡುತ್ತಿದೆ" ಎಂದು ಅವರು ನಕ್ಕರು.

ರಿವೆಟ್ ಎಣಿಸುವವರಲ್ಲಿ ನಾನೇ ಮೊದಲಿಗ. ಆದರೂ ಅಂದು ನಾನು ಬಾಯಿ ತೆರೆಯಲಿಲ್ಲ.

ನನ್ನ ಅಪ್ಪ ವಾಡಿಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂದ ದಾರಿಯಲ್ಲೇ ನಾನೂ ನೌಕರಿ ಹುಡುಕಿಕೊಂಡು ಇಲ್ಲಿಗೆ ಬಂದವನು. ಶಹಾಬಾದಿನ ಸಿಮೆಂಟು, ಫರಸಿಕಲ್ಲು ಹೊತ್ತು ಹೊರಟ ಇಟ್ಟಿಗೆ ಬಣ್ಣದ ನಾಲ್ಕು ಚಕ್ರದ ವ್ಯಾಗನ್ನುಗಳು, ಕಟ್ಟಕಡೆಗೆ ಬ್ರೇಕ್ ವ್ಯಾನು, ಅದರ ಬಾಗಿಲಲ್ಲಿ ಹಸಿರು ಬಾವುಟ ಹಿಡಿದ ಅಪ್ಪ: ಬಾಲ್ಯವೆಂದರೆ ನನಗೆ ಇಷ್ಟೇ. ಆ ವ್ಯಾಗನ್ನುಗಳು ಗುಜರಿಗೆ ಹೋದವು. ರಟ್ಟು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನು ಅವುಗಳನ್ನು ಮತ್ತೆ ಕಟ್ಟತೊಡಗಿದೆ. ಬಾಗಿಲಿನ ಚಿಲಕವೊಂದು ತಪ್ಪಿದರೂ ಅಪ್ಪನ ಮುಖದಲ್ಲೇ ಏನೋ ತಪ್ಪಿದಂತೆ ನನಗೆ ಅನಿಸುತ್ತಿತ್ತು.

2015ರ ಬೇಸಿಗೆ ರಜೆಯಲ್ಲಿ ಎಂಟು ವರ್ಷದ ಮೊಮ್ಮಗಳು ಟೂತ್‌ಪೇಸ್ಟಿನ ಡಬ್ಬಿ ಕತ್ತರಿಸಿ ಒಂದು ವ್ಯಾಗನ್ ಮಾಡಿದಳು. ಎರಡೂ ಕಡೆ ನೀಲಿ ಜಿಲೇಟಿನ್ ಕಾಗದ, ಹಿಂದೆ ಕಿತ್ತಳೆ ಬಣ್ಣದ ಮೀನುಗಳು. "ಮುತ್ಯಾ, ಇದನ್ನೂ ಹಚ್ಚು" ಎಂದಳು. ನಾನು ಹಚ್ಚಲಿಲ್ಲ. "ಮೀನ ಒಯ್ಯೋ ಡಬ್ಬಿ ಎಲ್ಲೂ ಇಲ್ಲವ್ವಾ. ಟ್ಯಾಂಕರ್‌ದಾಗ ಎಣ್ಣಿ ಹೋಗ್ತದ, ನೀರು ಹೋಗೂದಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಹಂಗಾದ್ರ ಇದು ನಿಂದೇ ರೈಲು" ಎಂದು ಹೊರಟುಹೋದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಮಿಸಬಹುದಿತ್ತು.

ಮುಂದಿನ ವರ್ಷ ಏಪ್ರಿಲಿನಲ್ಲಿ ಬರದಿಂದ ಬೆಂದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಹೋಯಿತು. ಮೊದಲ ಗಾಡಿಯಲ್ಲಿ ಹತ್ತು ಟ್ಯಾಂಕ್ ವ್ಯಾಗನ್ನುಗಳು, ಐದು ಲಕ್ಷ ಲೀಟರು. ಆ ವ್ಯಾಗನ್ನುಗಳನ್ನು ಕೋಟಾದಲ್ಲಿ ತೊಳೆದು ಕಳಿಸಿದ್ದರು. 1986ರ ಬರದಲ್ಲಿ ರಾಜಕೋಟಿಗೂ ನೀರಿನ ರೈಲು ಓಡಿತ್ತೆಂಬುದು ಆಗ ನೆನಪಾಯಿತು. ರೈಲಿನ ಬಗ್ಗೆ ಎಲ್ಲ ಬಲ್ಲೆನೆಂದು ಮಗುವಿಗೆ ಹೇಳಿದ್ದು ತಪ್ಪಾಗಿತ್ತು. ಪತ್ರಿಕೆಯ ಆ ಚಿತ್ರವನ್ನು ಅವಳಿಗೆ ತೋರಿಸಬೇಕೆಂದುಕೊಂಡೆ, ತೋರಿಸಲಿಲ್ಲ. ತಪ್ಪೊಪ್ಪಿಕೊಳ್ಳಲು ಮುತ್ಯಾನಾದವನಿಗೆ ಸಂಕೋಚ.

ರೈಲಿನ ಕೋಣೆಗೆ ಅವಳು ಬರುವುದು ನಿಂತಿತು. ಶಾಲೆಯಲ್ಲಿ ಅವಳಿಗೆ ಇಂಗ್ಲಿಷು, ಓರಗೆಯವರೊಡನೆ ತೆಲುಗು. ಅವಳು ಬಾಯಿ ತುಂಬ ಕನ್ನಡ ಆಡುತ್ತಿದ್ದುದು ಈ ಕೋಣೆಯಲ್ಲಿ ಮಾತ್ರ ಎಂಬುದು ನನಗೆ ತಡವಾಗಿ ಹೊಳೆಯಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಬರತೊಡಗಿತು. ಈಗ ಅವಳು ದೂರದ ಊರಿನಲ್ಲಿ ಕಾಲೇಜು ಓದುತ್ತಿದ್ದಾಳೆ.

ಆ ಭಾನುವಾರ ಮನೆಗೆ ಬಂದವನೇ ಕಪಾಟಿನ ತಳದಿಂದ ಮೀನಿನ ಡಬ್ಬಿಯನ್ನು ತೆಗೆದೆ. ಜಿಲೇಟಿನ್ ಮಸುಕಾಗಿದ್ದರೂ ಮೀನುಗಳು ಹಾಗೆಯೇ ಇದ್ದವು. ಹಳಿಯ ಮೇಲಿಟ್ಟು ತಳ್ಳಿದರೆ ಮೊದಲ ತಿರುವಿನಲ್ಲೇ ಉರುಳಿತು. "ಅವು ಓಡುತ್ತವೆ ಸ್ವಾಮಿ" ಎಂಬ ಮಾತು ನೆನಪಾಯಿತು. ಮೀನಿಗೆ ನಿಯಮವಿಲ್ಲ, ಚಕ್ರಕ್ಕೆ ಇದೆ. ಐದು ಇಂಚಿನ ವ್ಯಾಗನ್ನು ಮೂರೂವರೆ ಔನ್ಸ್, ಸುಮಾರು 100 ಗ್ರಾಂ ತೂಗಬೇಕೆಂಬುದು ಈ ಹವ್ಯಾಸದ ಒಪ್ಪಿತ ಲೆಕ್ಕ. ತಳಕ್ಕೆ ಸೀಸದ ತುಂಡುಗಳನ್ನು ಅಂಟಿಸಿ ತೂಗಿದೆ. ಒಳ್ಳೆಯ ಚಕ್ರ ಹಾಕಿದೆ, ಕೊಂಡಿಯ ಎತ್ತರ ಸರಿಪಡಿಸಿದೆ. ಚಿತ್ರವನ್ನು ಮಾತ್ರ ಮುಟ್ಟಲಿಲ್ಲ. ಅಪ್ಪನ ವ್ಯಾಗನ್ನುಗಳಿಗೆಂದು ಕಲಿತ ಕೈಗೆಲಸವೆಲ್ಲ ಅದಕ್ಕೆ ಬೇಕಾಯಿತು.

ಗಾಡಿ ಮೂರು ಸುತ್ತು ಓಡಿತು. ಫೋನಿನಲ್ಲಿ ವಿಡಿಯೊ ತೆಗೆದು ಮೊಮ್ಮಗಳಿಗೆ ಕಳಿಸಿದೆ. ರಾತ್ರಿ ಹತ್ತರ ನಂತರ ಉತ್ತರ ಬಂತು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: "ಮುತ್ಯಾ, ಎಷ್ಟನೇ ಡಬ್ಬಿ ಅದು? ಕಾಣಲಿಲ್ಲ, ಗಾಡಿ ಜೋರಾಗಿ ಹೋಯ್ತು."

"ಕಡೀದು. ನನ್ನ ಅಪ್ಪನ ಬ್ರೇಕ್ ವ್ಯಾನಿನ ಮುಂದ" ಎಂದು ಬರೆದೆ. ಮರುದಿನ ಗಾಡಿಯನ್ನು ನಿಧಾನವಾಗಿ ಓಡಿಸಿ ಇನ್ನೊಂದು ವಿಡಿಯೊ ಕಳಿಸಿದೆ.