ಜ್ವರದ ನಡುವೆ ಹೊಟ್ಟೆ ಬಿಗಿದರೆ

ಹೊಟ್ಟೆಯ ತೊಂದರೆಗೆ ನಮ್ಮಲ್ಲಿ ಎಷ್ಟೊಂದು ಹೆಸರು ನೋಡಿ! ಹೊಟ್ಟೆನುಲಿ, ಹೊಟ್ಟೆ ತೊಳಸು, ಹೊಟ್ಟೆಯುಬ್ಬರ, ಅಜೀರ್ಣ, ಬಟ್ಟಿ ಜಾರಿದ್ದು. ಹೆಸರು ಹತ್ತಾರಾದರೂ ಮದ್ದು ಹೆಚ್ಚುಕಡಿಮೆ ಒಂದೇ. ಓಮದ ಕಷಾಯ, ಹೊಕ್ಕುಳ ಸುತ್ತ ಇಂಗು, ಅದಕ್ಕೂ ಬಗ್ಗದಿದ್ದರೆ ಹರಳೆಣ್ಣೆ. ಓಮವನ್ನು ನಾನೇನೂ ಹೀಗಳೆಯುತ್ತಿಲ್ಲ, ನಮ್ಮನೆ ಡಬ್ಬಿಯಲ್ಲೂ ಅದು ಸದಾ ಇರುತ್ತೆ. ಆದರೆ ಸೋದರಿಯರೇ, ಈ ಸಾಲಿಗೆ ಸೇರಿಸಬಾರದ ತೊಂದರೆಯೊಂದಿದೆ. ಅದು ಹೊಟ್ಟೆಯ ಬಿಗಿತ. ಅದರಲ್ಲೂ ಟೈಫಾಯ್ಡ್ ಬಂದಿರುವಾಗ ಕಾಣಿಸಿಕೊಳ್ಳುವ ಬಿಗಿತ.

ಟೈಫಾಯ್ಡ್, ಅಂದರೆ ವಿಷಮಶೀತಜ್ವರ, ಹೆಸರಿಗೆ ಜ್ವರವಾದರೂ ಶುರುವಾಗುವುದು ಕರುಳಿನಿಂದ. ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ ಕೊಳಕು ನೀರು, ಆಹಾರದ ಮೂಲಕ ಒಳಹೊಕ್ಕು, ಸಣ್ಣ ಕರುಳಿನ ಕೊನೆಯ ಭಾಗದಲ್ಲಿರುವ ತೇಪೆಯಂಥ ಗ್ರಂಥಿಗಳನ್ನು ಹಿಡಿಯುತ್ತದೆ. ತಕ್ಕ ಚಿಕಿತ್ಸೆ ಸಿಗದಿದ್ದರೆ ಆ ತೇಪೆಗಳು ಊದಿ ಹುಣ್ಣಾಗಿ, ಸಾಮಾನ್ಯವಾಗಿ ಮೂರನೆಯ ವಾರದ ಹೊತ್ತಿಗೆ, ಕೆಲವರಲ್ಲಿ ತೂತೇ ಬೀಳುತ್ತದೆ. ಕರುಳಿನೊಳಗಿದ್ದದ್ದು ಸೋರಿ ಹೊಟ್ಟೆಯ ಒಳಪೊರೆ ಕೆರಳುತ್ತದೆ. ಆಗ ಮೇಲಿನ ಸ್ನಾಯುಗಳು ತಾವಾಗಿಯೇ ಸೆಟೆದುಕೊಳ್ಳುತ್ತವೆ. ಸಡಿಲ ಬಿಡು ಎಂದರೂ ರೋಗಿಗೆ ಬಿಡಲಾಗದು.

1948ರಲ್ಲಿ ಕ್ಲೋರಾಂಫೆನಿಕಾಲ್ ಬರುವ ಮುಂಚೆ ಇದಕ್ಕೆ ನಾಟುವ ಔಷಧಿಯೇ ಇರಲಿಲ್ಲ. ನಮ್ಮ ಅಜ್ಜಿಯಂದಿರು ‘ಇಪ್ಪತ್ತೊಂದು ದಿನದ ಜ್ವರ’ ಅಂತ ಗಂಜಿ ಕೊಟ್ಟು, ಹಾಸಿಗೆ ಬಿಟ್ಟು ಏಳಗೊಡುತ್ತಿರಲಿಲ್ಲ. ತೂತಿನ ವಿಷಯ ಅವರಿಗೆ ಗೊತ್ತಿರಲಿಲ್ಲ, ಮೂರನೆಯ ವಾರದ ಭಯ ಮಾತ್ರ ಚೆನ್ನಾಗಿ ಗೊತ್ತಿತ್ತು.

ನನ್ನ ಓರಗಿತ್ತಿಯ ಮಗನಿಗೆ ಆದದ್ದೂ ಹಾಗೆಯೇ. ಹದಿನಾಲ್ಕರ ಹುಡುಗ. ಮಾತ್ರೆ ತೊಗೊಂಡ ನಾಲ್ಕನೇ ದಿನಕ್ಕೆ ಜ್ವರ ಇಳಿಯಿತು, ಮಾತ್ರೆಯೂ ನಿಂತಿತು. ಮತ್ತೆ ಜ್ವರ ಏರಿ, ಹದಿನೇಳನೆಯ ದಿನ ಬೆಳಿಗ್ಗೆ ಹೊಟ್ಟೆನೋವು. ಮಲ ಕಟ್ಟಿರಬೇಕೆಂದು ಅತ್ತೆಯವರು ಹರಳೆಣ್ಣೆ ಬೆಚ್ಚಗೆ ಮಾಡಿ ತಂದರು. ಓರಗಿತ್ತಿ ಹೊಟ್ಟೆಯ ಮೇಲೆ ಕೈಯಿಟ್ಟವಳೇ, “ಅಕ್ಕಾ, ಮಣೆ ಮುಟ್ಟಿದ ಹಾಗಿದೆ ಕಣೇ” ಅಂದಳು. ಲೋಟ ಅಲ್ಲೇ ಉಳಿಯಿತು. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ವಪೆಯ ಕೆಳಗೆ ಗಾಳಿ, ಅಂದರೆ ಕರುಳಲ್ಲಿ ತೂತು. ಅದೇ ರಾತ್ರಿ ಆಪರೇಷನ್. ಹುಡುಗ ಉಳಿದ. ಆ ಎಣ್ಣೆ ಕುಡಿಸಿದ್ದರೆ ಸೋರುವುದು ಇನ್ನೂ ಹೆಚ್ಚುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಗುರುತಿಸುವುದು ಹೇಗೆ ಅಂತೀರಾ? ಹೊಟ್ಟೆ ನುಲಿಯುವ ಮಗು ಹೊರಳಾಡುತ್ತದೆ, ಅಳುತ್ತದೆ. ಈ ಬಿಗಿತದಲ್ಲಿ ಮೊಣಕಾಲು ಮಡಚಿ ಅಲುಗಾಡದೆ ಮಲಗಿಬಿಡುತ್ತದೆ. ಕೆಮ್ಮಿದರೂ ನೋವು, ಮಂಚ ಅಲುಗಿದರೂ ನೋವು. ವಾಯು ತುಂಬಿದ ಹೊಟ್ಟೆ ಒತ್ತಿದರೆ ತಗ್ಗುತ್ತದೆ, ಇದು ತಗ್ಗುವುದಿಲ್ಲ. ಒಮ್ಮೊಮ್ಮೆ ಜ್ವರ ತಟ್ಟನೆ ಇಳಿದು ಮೈ ತಣ್ಣಗಾಗುತ್ತದೆ, ನಾಡಿ ಮಾತ್ರ ಓಡುತ್ತಿರುತ್ತದೆ. ಜ್ವರ ಬಿಟ್ಟಿತೆಂದು ದೇವರಿಗೆ ದೀಪ ಹಚ್ಚಿ ಕೂರುವ ಹೊತ್ತಲ್ಲ ಅದು! ತೀರಾ ಸೊರಗಿದವರಲ್ಲಿ ಹೊಟ್ಟೆ ಬಿಗಿಯದೆ ಬರೀ ಉಬ್ಬಿ ನೋಯಬಹುದು, ಅದನ್ನೂ ಕಡೆಗಣಿಸಬೇಡಿ.

ಮಾತ್ರೆ ವಿಷಯ ಇನ್ನೊಂದಿದೆ. ಸರಿಯಾದ ಔಷಧಿ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲು ಮೂರರಿಂದ ಐದು ದಿನ ಹಿಡಿಯುವುದುಂಟು. ಇಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಿಸಲೇಬೇಕು. ಈಗ ಆರು ತಿಂಗಳು ತುಂಬಿದ ಕೂಸಿಗೂ ಕೊಡಬಹುದಾದ ಲಸಿಕೆಯಿದೆ, ವಿಚಾರಿಸಿ.

ಇನ್ನು ಹೊಟ್ಟೆ ಬಿಗಿದಾಗ ತಿಕ್ಕುವುದು, ಬಟ್ಟಿ ತೆಗೆಸುವುದು, ಶಾಖ, ಎನಿಮಾ, ಭೇದಿ ಮದ್ದು ಯಾವುದೂ ಬೇಡ. ಊಟ, ಕಾಫಿ, ಗಂಜಿಯೂ ಬೇಡ. ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೊರಡಿ, 108ಕ್ಕೆ ಫೋನ್ ಮಾಡಿ. ಔಷಧಿ ಚೀಟಿ ಮರೆಯದೆ ಕೈಯಲ್ಲಿರಲಿ. ಜ್ವರ ಬಂದು ಎಷ್ಟು ದಿನವಾಯಿತೆಂದು ಅಲ್ಲಿ ಕೇಳಿಯೇ ಕೇಳುತ್ತಾರೆ, ಲೆಕ್ಕ ಹಾಕಿಟ್ಟುಕೊಂಡಿರಿ.