ಕಾಣದ ತೂಕ

ಕರೆಂಟು ಹೋದರೆ ನಮ್ಮ ಮನೆಮಂದಿ ಮಾಳಿಗೆ ಹತ್ತುವುದು ರೂಢಿ. ದೂಧಗಂಗೆಯ ಕಡೆಯಿಂದ ತಂಗಾಳಿ, ಸುತ್ತ ಕಬ್ಬಿನ ಹೊಲಗಳ ಕತ್ತಲೆ, ಮೇಲೆ ನಮ್ಮ ಸದಲಗಾದ ಪಾಲಿಗೆ ಬಂದಷ್ಟು ಚಿಕ್ಕಿಗಳು.

ಮೊನ್ನೆ ಹಾಗೆ ಕೂತಾಗ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಮಗಳು ಗೆಲಾಕ್ಸಿಗಳ ಕಥೆ ತೆಗೆದಳು. ನಮ್ಮವರು ಮೂಲೆಯಲ್ಲಿ ಸುಮ್ಮನಿದ್ದರು. ಅವಳಿಗೆ ಪುಣೆಯಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿತ್ತು. ಅದೇ ವಾರ ಒಂದು ಒಳ್ಳೆಯ ಸಂಬಂಧವೂ ಬಂದಿತ್ತು. ನಾನು ಎರಡಕ್ಕೂ 'ಹೂಂ' ಅಂದಿದ್ದೆ. ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದ ವರ್ಷವೇ ಹಸೆಮಣೆ ಏರಿದವಳು ನಾನು. ಹೂಂ ಅನ್ನುವುದು ಅಂದಿನಿಂದ ಅಭ್ಯಾಸ.

"ಆಯೀ, ನೂರಾರು ಗೆಲಾಕ್ಸಿ ಕೂಡಿ ಒಂದು ಗುಂಪು ಇರ್ತಾವ. ಎಲ್ ಗೋರ್ಡೊ ಅಂತ ಒಂದೈತಿ. ಸ್ಪೇನಿನ ಮಾತಿನಾಗ 'ದಪ್ಪಾನವ' ಅಂತ ಅರ್ಥ. ಅದರ ಬೆಳಕು ನಮಗ ಮುಟ್ಟಾಕ 700 ಕೋಟಿ ವರ್ಷ ಹಿಡದೈತಿ."

"ಅಷ್ಟ ದೂರದ್ದ ನೋಡಿ ಏನ ಮಾಡೂದೈತಿ, ತಂಗೀ?" ಅತ್ತೆಯವರು ಕೇಳಿದರು.

ತೂಕ ಮಾಡುವುದಂತೆ! ಸಾಮಾನ್ಯ ದೂರದರ್ಶಕಕ್ಕೆ ಗೆಲಾಕ್ಸಿಗಳಷ್ಟೇ ಕಾಣುತ್ತವೆ. ಅವುಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವಿದೆ. ಅದು ಎಕ್ಸ್-ರೇಯಲ್ಲಿ ಮಾತ್ರ ಹೊಳೆಯುತ್ತದೆ. ಆ ಕಿರಣಗಳನ್ನು ನಮ್ಮ ವಾತಾವರಣ ತಡೆಯುವುದರಿಂದ ದೂರದರ್ಶಕವನ್ನೇ ಆಕಾಶಕ್ಕೆ ಕಳಿಸಬೇಕು. ಚಂದ್ರಶೇಖರ್ ಅವರ ಹೆಸರಿನ 'ಚಂದ್ರ' ದೂರದರ್ಶಕ 1999ರ ಜುಲೈ 23ರಂದು ಹಾಗೆ ಹೋಯಿತು. ಅದನ್ನು ಒಯ್ದ ನೌಕೆಯ ನಾಯಕಿ ಐಲೀನ್ ಕಾಲಿನ್ಸ್, ಶಟಲ್ ನೌಕೆಗೆ ಕಮಾಂಡರ್ ಆದ ಮೊದಲ ಹೆಣ್ಣುಮಗಳು. ನಮ್ಮ ಇಸ್ರೋ ಕೂಡ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹಾರಿಸಿತು. ಎಕ್ಸ್-ರೇ ಕಣ್ಣು, ನೇರಳಾತೀತ ಕಣ್ಣು ಎರಡೂ ಅದರಲ್ಲಿದ್ದವು.

ಇಂಥ ಗುಂಪುಗಳಲ್ಲಿ ಎಲ್ಲ ನಕ್ಷತ್ರಗಳ ತೂಕಕ್ಕಿಂತ ಆ ಬಿಸಿ ಅನಿಲದ ತೂಕವೇ ಹಲವು ಪಟ್ಟು ಹೆಚ್ಚು. ಎರಡೂ ಸೇರಿದರೂ ಗುಂಪನ್ನು ಹಿಡಿದಿಡಲು ಸಾಲದು. ಯಾವ ಕಣ್ಣಿಗೂ ಕಾಣದ ಇನ್ನೇನೋ ಇದೆಯೆಂದು 1933ರಲ್ಲೇ ಜ್ವಿಕಿ ಎಂಬ ವಿಜ್ಞಾನಿ ಲೆಕ್ಕ ಹಾಕಿದ್ದನಂತೆ.

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಾಣಲಾರದ್ದs ಹಿಡಕೊಂಡ ನಿಂತೈತಿ ಅಂದ್ಯಾ? ಅದನ್ನ ತಿಳಕೊಳ್ಳಾಕ ಅಷ್ಟ ದೊಡ್ಡ ದುರ್ಬೀನ ಬೇಕಾತೇನ? ನಿಮ್ಮವ್ವನ್ನ ಕೇಳಿದ್ರ ಹೇಳ್ತಿದ್ಲು."

ಕತ್ತಲಿದ್ದದ್ದು ಒಳ್ಳೆಯದಾಯಿತು. ಇಪ್ಪತ್ತೈದು ವರ್ಷದಲ್ಲಿ ಅವರು ನನ್ನ ಬಗ್ಗೆ ಹಾಗೆ ಅಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಚಹಾ ಕೊಡುತ್ತ ನಮ್ಮವರಿಗೆ ಹೇಳಿದೆ: "ಆ ಸಂಬಂಧ ಬ್ಯಾಡ್ರಿ. ಆಕಿ ಪುಣೆಕ್ಕ ಹೋಗ್ಲಿ." ಧ್ವನಿ ನಡುಗಿತು, ಮಾತು ನಡುಗಲಿಲ್ಲ. ಅವರು ಅತ್ತೆಯವರ ಮುಖ ನೋಡಿದರು. ಅತ್ತೆಯವರು ಚಹಾದ ಬಸಿ ನೋಡುತ್ತಿದ್ದರು.

ಹೋಗುವ ದಿನ ನಿಪ್ಪಾಣಿ ಬಸ್ಸಿಗೆ ಮಗಳ ಬ್ಯಾಗು ಏರಿಸುತ್ತ ನಮ್ಮವರು ಏದುಸಿರು ಬಿಟ್ಟರು: "ಏನ ತುಂಬೀರಿ ಇದರಾಗ? ಇಷ್ಟ್ಯಾಕ ಭಾರ?"

ಕಟಕು ರೊಟ್ಟಿ, ಶೇಂಗಾ ಹಿಂಡಿ ಎಂದೆ. ತಳದಲ್ಲಿ ನನ್ನ ಪಿಯುಸಿಯ ಗಣಿತದ ನೋಟುಪುಸ್ತಕವನ್ನೂ ಇಟ್ಟಿದ್ದೆ. ಅದನ್ನು ಮಾತ್ರ ಹೇಳಲಿಲ್ಲ.