ಒಂದೇ ಪದ, ಎರಡು ಅರ್ಥ

ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿಯೆಂದು 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಕಲಮು ತಿಳಿಸುತ್ತದೆ. ಸಹಿ ಬಿದ್ದ ಮಾತ್ರಕ್ಕೆ ಸಮ್ಮತಿ ದೊರೆತಂತಾಗದು. ನೋಂದಣಾಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯ ದಸ್ತಾವೇಜಿನೊಡನೆ ಯಥಾರ್ಥ ಭಾಷಾಂತರವನ್ನೂ ಒಪ್ಪಿಸಬೇಕೆಂಬುದು 1908ರ ನೋಂದಣಿ ಕಾಯ್ದೆಯ 19ನೆಯ ಕಲಮಿನ ವಿಧಿ. ಅಂದಮೇಲೆ ಆ 'ಒಂದೇ ಅರ್ಥ'ವನ್ನು ಕಾಯುವ ಹೊಣೆ ಭಾಷಾಂತರಕಾರನ ಮೇಲೂ ಬೀಳುತ್ತದೆ.

ಹುಬ್ಬಳ್ಳಿಯ ಒಂದು ವ್ಯಾಪಾರಿ ಮನೆತನದ ಹಿರಿಯ ಮಗಳನ್ನು ಸಾಂಗಲಿಗೆ ಕೊಟ್ಟಿತ್ತು. ತಂದೆಯ ತರುವಾಯ ತಮ್ಮ ಪಾಲಿಗೆ ಬಂದ ಹೊಲದ ಬಗ್ಗೆ ಅವರು ತಮ್ಮನಿಗೆ ಮರಾಠಿಯಲ್ಲಿ ಸಮ್ಮತಿಪತ್ರ ಬರೆದುಕೊಟ್ಟರು. ಕಚೇರಿಗೆ ಅದರ ಕನ್ನಡ ಭಾಷಾಂತರ ಬೇಕಾಯಿತು. ತಮ್ಮನು ಎರಡೂ ಭಾಷೆ ಬಲ್ಲ ನಿವೃತ್ತ ಶಿಕ್ಷಕರೊಬ್ಬರ ಮನೆಗೆ ಪತ್ರವನ್ನು ಒಯ್ದನು.

ಹೊಲದ 'ವಹಿವಾಟ' ತಮ್ಮನೇ ಮಾಡಬೇಕೆಂದು ಪತ್ರದಲ್ಲಿತ್ತು. ಮರಾಠಿಯಲ್ಲಿ ಜಮೀನಿನ ವಹಿವಾಟ ಎಂದರೆ ಅದರ ಉಪಯೋಗ, ಉಸ್ತುವಾರಿ. ಕನ್ನಡದ ಪೇಟೆಯಲ್ಲಿ ವಹಿವಾಟು ಎಂದರೆ ಕೊಡುವುದು, ಕೊಳ್ಳುವುದು. ಶಿಕ್ಷಕರ ಲೇಖನಿ ಅಲ್ಲಿಯೇ ನಿಂತಿತು.

"ಎರಡೂ ಕಡೆ ಅದೇ ಶಬ್ದ ಐತಲ್ರಿ ಮಾಸ್ತರ್, ಹಂಗೇ ಬರೀರಿ" ಎಂದನು ತಮ್ಮ.

"ಶಬ್ದ ಅದೇ ಇರಬಹುದು. ನಿಮ್ಮ ಅಕ್ಕ ಒಪ್ಪಿದ್ದು ಯಾವುದಕ್ಕೆ?"

ಅವನ ಎದುರಿನಲ್ಲಿಯೇ ಸಾಂಗಲಿಗೆ ದೂರವಾಣಿ ಮಾಡಿ ಕೇಳಿದರು. "ಬೆಳೆ ಅವನೇ ತಗೊಳ್ಳಲಿ ಮಾಸ್ತರ್. ಅಪ್ಪನ ಹೊಲ ಮಾತ್ರ ಮಾರೋದು ಬ್ಯಾಡ" ಎಂಬ ಉತ್ತರ ಬಂದಿತು.

ತಮ್ಮನ ಮುಖ ಬಾಡಿತು. ಅಂಗಡಿಯ ಸಾಲ ತೀರಿಸಲು ಅವನು ಆ ಹೊಲವನ್ನೇ ನೆಚ್ಚಿಕೊಂಡಿದ್ದನು.

ಶಿಕ್ಷಕರು 'ಸಾಗುವಳಿ ಮತ್ತು ಉಸ್ತುವಾರಿ' ಎಂದು ಬರೆದರು. 'ಮಾರತಕ್ಕದ್ದಲ್ಲ' ಎಂಬ ಮಾತನ್ನು ಮಾತ್ರ ಸೇರಿಸಲಿಲ್ಲ, ಅದು ಮೂಲದಲ್ಲಿರಲಿಲ್ಲ. ಬೇಕೆಂದರೆ ಮೂಲಪತ್ರವನ್ನೇ ಹೊಸದಾಗಿ ಬರೆದುಕೊಡಿರೆಂದು ಅಕ್ಕನಿಗೆ ತಿಳಿಸಿದರು. ಭಾಷಾಂತರಕಾರನು ಮೂಲದಿಂದ ಕಳೆಯಲೂಬಾರದು, ಒಳ್ಳೆಯ ಉದ್ದೇಶದಿಂದಲೂ ಅದಕ್ಕೆ ಕೂಡಿಸಬಾರದು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಕಳ್ಳ ಸಹಿ ಹಾಕುವುದು ಅದೆಂದು ಎಲ್ಲರೂ ಬಲ್ಲರು. ಸಂದೇಹ ಹುಟ್ಟಿದ ಮೇಲೂ, ಲಾಭವಿದೆಯೆಂದು ಪದವನ್ನು ಹಾಗೆಯೇ ಬಿಡುವುದು ಅದರಿಂದ ಎಷ್ಟು ದೂರ? ಪರಭಾಷೆಯ ದಾನಪತ್ರ, ಒಪ್ಪಿಗೆಪತ್ರಗಳನ್ನು ಕಾಯುವ ಬಸದಿಗಳ ಟ್ರಸ್ಟುಗಳೂ ಇದನ್ನು ವಿಚಾರಿಸಬೇಕು. ಭಾಷಾಂತರದೊಡನೆ ಮೂಲವನ್ನೂ ಜೋಪಾನವಾಗಿಡುವುದು, ಬರೆದುಕೊಟ್ಟವರಿಗೆ ಅವರ ಭಾಷೆಯಲ್ಲಿಯೇ ಓದಿ ಹೇಳುವುದು ಕಷ್ಟದ ಕೆಲಸವಲ್ಲ.

ಕೆಲವು ದಿನಗಳ ಬಳಿಕ ತಮ್ಮನು ತಾನೇ ಸಾಂಗಲಿಗೆ ಹೋಗಿ, ಅದುವರೆಗೆ ಮುಚ್ಚಿಟ್ಟಿದ್ದ ಸಾಲದ ಸಂಗತಿಯನ್ನು ಅಕ್ಕನ ಮುಂದೆ ಹೇಳಿಕೊಂಡನು. ಹೊಲವನ್ನು ಉಳಿಸಬೇಕೋ ಮಾರಬೇಕೋ ಎಂಬುದನ್ನು ಅವರಿಬ್ಬರೇ ಕುಳಿತು ನಿರ್ಧರಿಸಬೇಕು. ಇನ್ನು ಅಕ್ಕ ಏನನ್ನು ಒಪ್ಪಿದರೂ, ತಿಳಿದು ಒಪ್ಪಿದಂತಾಗುತ್ತದೆ.